ತುಕ್ಕು ಹಿಡಿದ ಸ್ಕ್ರೂ: ಮೊದಲ ಕಾಲು ಸುತ್ತಿನ ಕೆಲಸ

ಕಳೆದ ಮಳೆಗಾಲ ಮುಗಿದ ಮೇಲೆ ಆಲ್ದೂರಿನ ಕಡೆಯ ಪರಿಚಿತರೊಬ್ಬರು ತಮ್ಮ ತಂದೆಯ ಕಾಲದ ಟು-ಸ್ಟ್ರೋಕ್ ಬೈಕನ್ನು ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಕೊಟ್ಟಿಗೆಯ) ಮೂಲೆಯಿಂದ ಹೊರಗೆಳೆದರು. ಎಂಜಿನ್ನಿನ ಪಕ್ಕದ ಕವರ್ ಬಿಚ್ಚಲು ಹೋಗಿ, ಹನ್ನೊಂದು ಸ್ಕ್ರೂಗಳಲ್ಲಿ ಏಳರ ತಲೆಯನ್ನು ಬಟ್ಟಲಿನಂತೆ ನುಣ್ಣಗೆ ಮಾಡಿಟ್ಟ ನಂತರ ನನ್ನನ್ನು ಕರೆದರು. ‘ಒಂದೊಂದನ್ನೂ ಒಂದೇ ಸಲ ತಿರುಗಿಸಿ ನೋಡಿದೆ ಸಾರ್, ಅಷ್ಟೇ’ ಎಂದರು. ಸ್ಕ್ರೂ ಕೆಡುವುದು ಆ ಒಂದೇ ಸಲದಲ್ಲಿ. ತುಕ್ಕಿನಿಂದ ಕೆಟ್ಟ ಸ್ಕ್ರೂಗಳಿಗಿಂತ, ಮನೆಯಲ್ಲಿದ್ದ ಒಂದೇ ಸ್ಕ್ರೂಡ್ರೈವರಿನಿಂದ ಕೆಟ್ಟ ಸ್ಕ್ರೂಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ನಮ್ಮ ಮಲೆನಾಡಿನಲ್ಲಿ ಈ ತೊಂದರೆ ಬಯಲುಸೀಮೆಗಿಂತ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಹೊರಗೆ ನಿಂತ ಗಾಡಿ ಒಣಗುವುದೇ ಇಲ್ಲ. ಅದರ ಮೇಲೆ ಜೀಪಿನ ಹಿಂಬದಿಯಲ್ಲಿ ಪೊಟ್ಯಾಷ್ ಚೀಲಗಳೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮುಗಳೂ ಸಾಗುತ್ತವೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ತುಕ್ಕಿಗೆ ಒತ್ತಾಸೆ ಕೊಡುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ತಾಮ್ರವನ್ನು ಕೂರಿಸುತ್ತದೆ. ಬೋರ್ಡೋದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ಚಾಕು ಅದ್ದಿ ನೋಡುವವರು ಆ ಕೆಂಪು ಲೇಪವನ್ನು ಕಂಡೇ ಇರುತ್ತಾರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಥ್ರೆಡ್ಡಿನ (ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆಯ) ಸಂದಿಯಲ್ಲಿ ಅದು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ.

ಎಣ್ಣೆಗೂ ಮುನ್ನ ಬ್ರಶ್

ತಲೆಯ ಸುತ್ತಲಿನ ಮಣ್ಣು ಮತ್ತು ಗ್ರೀಸನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಸ್ಕ್ರೂವಿನ ಕುಳಿಯೊಳಗೆ ಗಟ್ಟಿಯಾಗಿರುವ ಕೊಳೆಯನ್ನು ಗೋಣಿ ಹೊಲಿಯುವ ದಬ್ಬಣದಿಂದ ಕೆದಕಿ ತೆಗೆಯಿರಿ. ಕುಳಿ ಎಂದರೆ ಇಲ್ಲಿ ಬಿಟ್, ಅಂದರೆ ಸ್ಕ್ರೂಡ್ರೈವರಿನ ಮೊನೆ, ಕೂರುವ ಪ್ಲಸ್ ಆಕಾರದ ತಗ್ಗು. ಅದರ ತಳದಲ್ಲಿ ಒಂದು ಕಾಳಿನಷ್ಟು ಮಣ್ಣು ಉಳಿದರೂ ಬಿಟ್ ಪೂರ್ತಿ ಇಳಿಯುವುದಿಲ್ಲ.

ಅನಂತರ ಎಣ್ಣೆ. ಡಬ್ಲ್ಯುಡಿ-40 ಎಂಬ ಹೆಸರಿನ ಮೂಲ ಅರ್ಥವೇ ನೀರನ್ನು ಹೊರದೂಡುವ ದ್ರವದ 40ನೇ ಪ್ರಯತ್ನ ಎಂದು. ತೇವ ಓಡಿಸಲು ಅದು ಒಳ್ಳೆಯದು, ಆದರೆ ವರ್ಷಗಟ್ಟಲೆ ಕಚ್ಚಿಕೊಂಡ ಥ್ರೆಡ್ಡಿಗೆ ತುಕ್ಕು ಸಡಿಲಿಸಲೆಂದೇ ತಯಾರಾದ ಪೆನಿಟ್ರೇಟಿಂಗ್ ಎಣ್ಣೆ ಮೇಲು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲು ಬೆರೆಸಿಯೂ ಬಳಸಬಹುದು. ಅವೆರಡೂ ಬೇಗ ಬೇರ್ಪಡುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತದೆ, ಬೆಂಕಿಗೂ ಥಟ್ಟನೆ ಹತ್ತಿಕೊಳ್ಳುತ್ತದೆ. ಡೀಸೆಲ್ ಹಾಕಿ ಒಂದು ವಾರ ಕಾಯುವವರಿಗೆ ಅದೂ ಸಾಕು. ಹೆಸರಿಲ್ಲದ ಅಗ್ಗದ ಸ್ಪ್ರೇ ಡಬ್ಬಿಗಳನ್ನು ಮಾತ್ರ ಕೊಳ್ಳಬೇಡಿ. ನಾನು ತಂದ ಎರಡರಲ್ಲಿ ಸೀಮೆಎಣ್ಣೆಯ ವಾಸನೆಯ ಹೊರತು ಬೇರೇನೂ ಇರಲಿಲ್ಲ.

ಎಣ್ಣೆ ಹಾಕಿದ ಕೂಡಲೇ ಸ್ಕ್ರೂವಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೆಟ್ಟಗೆ ಹತ್ತಿಪ್ಪತ್ತು ಸಲ ತಟ್ಟಿ. ತುಕ್ಕು ಪೆಡಸಾದ ವಸ್ತುವಾದ್ದರಿಂದ ಅದುರಿಗೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಇದನ್ನೇ ಮಾಡಿ.

ಬಿಟ್ ಕೂರುವುದು, ಪೆಟ್ಟು ಬೀಳುವುದು

ಇಲ್ಲಿಂದ ಮುಂದೆ ಆತುರ ಸಲ್ಲದು. 6 ಎಂಎಂ ದಪ್ಪದ ಪ್ಲಸ್ ಸ್ಕ್ರೂವಿಗೆ ಸಾಮಾನ್ಯವಾಗಿ 3ನೇ ನಂಬರಿನ ಬಿಟ್ ಬೇಕು, ಆದರೆ ನಮ್ಮ ಮನೆಗಳಲ್ಲಿ ಇರುವುದೆಲ್ಲ 2ನೇ ನಂಬರಿನದು. ಅದು ಕುಳಿಯೊಳಗೆ ಅಲುಗಾಡುತ್ತಲೇ ನಿಂತು, ತಿರುಗಿಸಿದಾಗ ಅಂಚುಗಳನ್ನು ಕೊರೆದು ಮೇಲೆದ್ದು ಬರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಜಪಾನೀ ವಿನ್ಯಾಸದ ಬೈಕುಗಳಲ್ಲಿ ಇರುವುದು ಫಿಲಿಪ್ಸ್ ಎಂಬ ಸಾಮಾನ್ಯ ಪ್ಲಸ್ ಸ್ಕ್ರೂ ಅಲ್ಲ, ಜೆಐಎಸ್ ಎಂಬ ಜಪಾನೀ ಮಾನಕದ್ದು. ನೋಡಲು ಎರಡೂ ಒಂದೇ ರೀತಿ. ಆದರೆ ಫಿಲಿಪ್ಸ್ ಬಿಟ್ ಜೆಐಎಸ್ ಕುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಕೆಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುವುದರಿಂದ ಗುರುತಿಸಬಹುದು. ಜೆಐಎಸ್ ಬಿಟ್ ಸಿಗದಿದ್ದರೆ ಫಿಲಿಪ್ಸ್ ಬಿಟ್ಟಿನ ಮೊನೆಯನ್ನು ಗ್ರೈಂಡರಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಸವೆಸಿಕೊಳ್ಳಿ. ಕುಳಿಯಲ್ಲಿಟ್ಟು ಬೆರಳಿನಿಂದ ಅತ್ತಿತ್ತ ತಿರುಗಿಸಿದಾಗ ಬಿಟ್ ಮಿಸುಕಬಾರದು. ಮಿಸುಕಿದರೆ ಅದು ಬೇರೆ ಸ್ಕ್ರೂವಿನ ಬಿಟ್ ಎಂದು ತಿಳಿಯಿರಿ.

ಸರಿಯಾದ ಬಿಟ್ಟನ್ನು ಕೈಯ ಇಂಪ್ಯಾಕ್ಟ್ ಡ್ರೈವರಿಗೆ ಹಾಕಿ. ನಾನು ಹೇಳುತ್ತಿರುವುದು ಕರೆಂಟಿನದಲ್ಲ, ಸುತ್ತಿಗೆಯಿಂದ ಹೊಡೆಯುವ ದಪ್ಪ ಉಕ್ಕಿನ ದಿಂಡು. ಹೊಡೆದಾಗ ಇದು ಬಿಟ್ಟನ್ನು ಕುಳಿಯೊಳಕ್ಕೆ ಒತ್ತುತ್ತಲೇ ತುಸು ತಿರುಗಿಸುತ್ತದೆ. ಕೈಯಿಂದ ಎಷ್ಟೇ ಬಲವಾಗಿ ತಿರುಗಿಸಿದರೂ ಒತ್ತುವ ಬಲ ಸಾಲದೆ ಬಿಟ್ ಜಾರುತ್ತದೆ. ಈ ಉಪಕರಣದಲ್ಲಿ ಒತ್ತಡವೂ ತಿರುವೂ ಒಂದೇ ಗಳಿಗೆಯಲ್ಲಿ ಆಗುತ್ತವೆ. ಹಳೆಯ ಗಾಡಿ ಇಟ್ಟುಕೊಂಡವರು ಬೇರೆ ಯಾವ ಉಪಕರಣ ಬಿಟ್ಟರೂ ಇದನ್ನು ಬಿಡಬಾರದು. ಅದು ಬಿಚ್ಚುವ ದಿಕ್ಕಿಗಿದೆಯೇ ಎಂದು ಹೊಡೆಯುವ ಮೊದಲು ಎರಡು ಸಲ ನೋಡಿ. ಬಿಗಿಯುವ ದಿಕ್ಕಿನಲ್ಲಿಟ್ಟು ಹತ್ತು ಪೆಟ್ಟು ಕೊಟ್ಟವರಲ್ಲಿ ನಾನೂ ಒಬ್ಬ.

ಈಗ ಎಡಗೈಯಲ್ಲಿ ದಿಂಡನ್ನು ಸ್ಕ್ರೂವಿಗೆ ನೇರವಾಗಿ ಹಿಡಿದು, ಬಿಚ್ಚುವ ದಿಕ್ಕಿಗೆ ಮಣಿಕಟ್ಟಿನಿಂದ ಮೊದಲೇ ತಿರುವಿ ಬಿಗಿಹಿಡಿಯಿರಿ. ಕನಿಷ್ಠ ಒಂದು ಕಿಲೋ ತೂಕದ ಸುತ್ತಿಗೆ ಬೇಕು. ಹಗುರ ಸುತ್ತಿಗೆಯ ಹತ್ತು ಪೆಟ್ಟಿಗಿಂತ ಭಾರದ್ದರ ಒಂದು ಪೆಟ್ಟು ಲೇಸು. ಮೂರ್ನಾಲ್ಕು ಪೆಟ್ಟಿನೊಳಗೆ ಒಣ ಕಡ್ಡಿ ಮುರಿದಂತೆ ‘ಟಿಕ್’ ಎಂಬ ಸದ್ದು ಬಂದು ಸ್ಕ್ರೂ ಕೂದಲೆಳೆಯಷ್ಟು ಸರಿದರೆ ಗೆದ್ದಂತೆ. ಸದ್ದಿಲ್ಲದೆ, ಒದ್ದೆ ಬಳ್ಳಿ ತಿರುಚಿದ ಹಾಗೆ ಮೆತ್ತಗೆ ಸರಿದರೆ ಕೈ ನಿಲ್ಲಿಸಿ: ತಿರುಗುತ್ತಿರುವುದು ಥ್ರೆಡ್ ಅಲ್ಲ, ಸ್ಕ್ರೂವಿನ ಕತ್ತು ತಿರುಚಿಕೊಳ್ಳುತ್ತಿದೆ, ಇನ್ನೊಂದು ಪೆಟ್ಟಿಗೆ ತುಂಡಾಗುತ್ತದೆ. ಮತ್ತೆ ಎಣ್ಣೆ ಹಾಕಿ, ಬಿಗಿಯುವ ದಿಕ್ಕಿಗೆ ಒಂದು ಸಣ್ಣ ಪೆಟ್ಟು ಕೊಟ್ಟು ಕಚ್ಚು ಬಿಡಿಸಿ ನೋಡಿ, ಇಲ್ಲವೇ ಶಾಖಕ್ಕೆ ಹೋಗಿ. ಸರಿದ ಸ್ಕ್ರೂವನ್ನೂ ಒಂದೇ ಸಮನೆ ಹೊರಗೆಳೆಯಬೇಡಿ. ಕಾಲು ಸುತ್ತು ಹೊರಕ್ಕೆ, ಅದರ ಅರ್ಧ ಒಳಕ್ಕೆ, ನಡುವೆ ಒಂದು ಹನಿ ಎಣ್ಣೆ, ಹೀಗೆ ತುಕ್ಕಿನ ಪುಡಿಯನ್ನು ಸಡಿಲಿಸುತ್ತ ಹೊರತನ್ನಿ. ಕಾರ್ಬುರೇಟರಿನ ಸ್ಕ್ರೂಗಳ ಮೇಲೆ ಮಾತ್ರ ಈ ದಿಂಡನ್ನು ಪ್ರಯೋಗಿಸಬೇಡಿ, ಅದರ ಮೈ ಬಿರಿಯುತ್ತದೆ.

ಶಾಖ

ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಎಂಜಿನ್ ಕವರಿನಲ್ಲಿ ಕಚ್ಚಿದ ಸ್ಕ್ರೂವಿಗೆ ಶಾಖ ಕೊಡಬೇಕಾದದ್ದು ಸ್ಕ್ರೂವಿಗಲ್ಲ, ಅದರ ಸುತ್ತಲಿನ ಲೋಹಕ್ಕೆ. ಹಾಟ್ ಏರ್ ಗನ್ ಸಾಕು. ಗ್ಯಾಸ್ ಜ್ವಾಲೆ ಹಿಡಿಯುವ ಧೈರ್ಯ ಬೇಡ, ಏಕೆಂದರೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡದೆ 660 ಡಿಗ್ರಿಗೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಜೀಪಿನ ಚಾಸಿಯ ಉಕ್ಕಿನ ನಟ್ಟಿಗಾದರೆ ಗ್ಯಾಸ್ ಜ್ವಾಲೆ ಸರಿಯೇ. ಪೆಟ್ರೋಲ್ ಟ್ಯಾಂಕ್ ಮತ್ತು ಪೈಪು ಮೊದಲೇ ಬಿಚ್ಚಿ ದೂರ ಇಟ್ಟಿರಬೇಕು, ಹಾಕಿದ ಎಣ್ಣೆಯನ್ನು ಒರೆಸಿರಬೇಕು. ಸ್ಕ್ರೂ ಇನ್ನೂ ಬಿಸಿಯಿರುವಾಗ ಮೇಣದಬತ್ತಿಯನ್ನು ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಹರಿಯುತ್ತದೆ.

ತಲೆ ಹೋಗಿದ್ದರೆ

ಆಲ್ದೂರಿನ ಬೈಕಿನ ಏಳು ಸ್ಕ್ರೂಗಳಲ್ಲಿ ಮೂರು, ಕುಳಿಯೊಳಗೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿದ್ದರಿಂದ ಬಿಟ್ಟಿಗೆ ಹಿಡಿತ ಸಿಕ್ಕಿ ಬಂದವು. ಎರಡನ್ನು ತಲೆಯ ಅಂಚಿಗೆ ಉಳಿಯಿಟ್ಟು, ಓರೆಯಾಗಿ ಬಿಚ್ಚುವ ದಿಕ್ಕಿಗೆ ತಟ್ಟಿ ತೆಗೆದೆ. ಉಳಿದೆರಡರ ತಲೆಯನ್ನು ಡ್ರಿಲ್ ಮಾಡಿ ಹಾರಿಸಬೇಕಾಯಿತು. ಇದಕ್ಕೆ ಹೆದರಬೇಕಾಗಿಲ್ಲ: ತಲೆ ಹೋದೊಡನೆ ಬಿಗಿತವೂ ಹೋಗುತ್ತದೆ, ಕವರ್ ಕಳಚಿ ಬರುತ್ತದೆ, ಹೊರಗೆ ಉಳಿದ ಮೋಟು ಕಂಬವನ್ನು ವೈಸ್ ಗ್ರಿಪ್ಪಿನಲ್ಲಿ (ಕಚ್ಚಿ ಹಿಡಿದು ನಿಲ್ಲುವ ಇಕ್ಕಳದಲ್ಲಿ) ಹಿಡಿದರೆ ಬಹುತೇಕ ಸುಲಭವಾಗಿ ತಿರುಗುತ್ತದೆ.

ಸ್ಕ್ರೂ ಒಳಗೇ ತುಂಡಾದರೆ ಅಂಗಡಿಯಲ್ಲಿ ಸೆಟ್ಟಾಗಿ ಮಾರುವ, ತುಂಡು ಸ್ಕ್ರೂ ಹೊರತೆಗೆಯುವ ಮೊನೆಚಾದ ಎಕ್ಸ್‌ಟ್ರಾಕ್ಟರುಗಳನ್ನು ತರಬೇಡಿ. ಅವು ಗಡುಸಾದ, ಪೆಡಸಾದ ಉಕ್ಕಿನವು. ಒಳಗೆ ಮುರಿದರೆ ಆಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದಕ್ಕೆ ಹತ್ತುವುದೇ ಇಲ್ಲ. ಆ ಹಂತದಲ್ಲಿ ಲೇತ್ ಅಂಗಡಿಗೆ ಒಯ್ದು, ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ ತೆಗೆಸುವುದೇ ಸರಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ವೈರ್ ಬಿಚ್ಚಿಸಲು ಮರೆಯಬೇಡಿ.

ತಿರುಗಿ ಹಾಕುವಾಗ

ಕವರಿನ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಹಳೆಯವನ್ನು ಮತ್ತೆ ಬಳಸದೆ, ಆ ರಟ್ಟನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವುದು) ತನ್ನಿ. ಸ್ಟೇನ್‌ಲೆಸ್ ಆದರೂ ಅಲ್ಯೂಮಿನಿಯಮ್ಮಿನಲ್ಲಿ ಒದ್ದೆಯಾದಾಗ ಕಚ್ಚುವುದರಿಂದ ಥ್ರೆಡ್ಡಿಗೆ ಕಾಪರ್ ಗ್ರೀಸ್ ಹಚ್ಚಲೇಬೇಕು. ಗ್ರೀಸ್ ಹಚ್ಚಿದ ಬೋಲ್ಟ್ ಕಡಿಮೆ ಬಲಕ್ಕೇ ಬಿಗಿಯಾಗುತ್ತದೆ. ಅಲೆನ್ ಕೀಲಿಯ ಉದ್ದನೆಯ ತುದಿಯನ್ನು ಬೋಲ್ಟಿಗೆ ಹಾಕಿ, ಗಿಡ್ಡ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಒಂದನ್ನು ಬಿಗಿದರೆ ಮುಂದಿನದಾಗಿ ಅದರ ಎದುರಿನದನ್ನು ಬಿಗಿಯುತ್ತ ಬನ್ನಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ಎಲ್ಲವನ್ನೂ ಮುಟ್ಟಿ ನೋಡಿ.