ಅದು, ಅವನು, ನಾನು

ಸತ್ತವನೊಬ್ಬ ಎದ್ದು ಬಂದು ಪ್ರೀತಿಗೆ ಬೀಳುವ ಹಾಸ್ಯ ಕಾದಂಬರಿ ಬರೆಯಲು ಕೂತಾಗ ನನ್ನ ಕೈಲಿದ್ದದ್ದು ಒಂದು ರಾಶಿ ತಮಾಷೆಯ ಪ್ರಸಂಗಗಳು. ಕಳಚಿ ಬೀಳುವ ಕಿವಿ, ಹಿಂದುಮುಂದಾಗುವ ತಲೆ, ಇಂಥವು. ಕರಡು ಓದಿದ ಗೆಳತಿ, "ನಗು ಬಂತು ಕಣೋ. ಆದ್ರೆ ಇವನು ಇದ್ರೇನು, ಹೋದ್ರೇನು ಅನ್ನಿಸ್ತು" ಅಂದಳು. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಬರೆದದ್ದನ್ನು ಪಕ್ಕಕ್ಕಿಟ್ಟು, ಜೋಂಬಿ, ಅಂದರೆ ಹೀಗೆ ಎದ್ದು ನಡೆಯುವ ಹೆಣ, ಎಲ್ಲಿಂದ ಬಂತು ಎಂದು ಓದತೊಡಗಿದೆ.

ಅದರ ಬೇರು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿದೆ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರು ಹೋರಾಡಿ 1804ರಲ್ಲಿ ಸ್ವತಂತ್ರಗೊಳಿಸಿದ ನಾಡು. ಅಲ್ಲಿನ ಜನಪದದ ಜೋಂಬಿ ಯಾರನ್ನೂ ಕಚ್ಚಿ ತಿನ್ನುವುದಿಲ್ಲ. ಮಾಂತ್ರಿಕನೊಬ್ಬ ಎಬ್ಬಿಸಿ ಹೊಲಕ್ಕೆ ಹೂಡಿದ, ಸ್ವಂತ ಇಚ್ಛೆಯಿಲ್ಲದ ದೇಹ ಅದು. ಸತ್ತರೂ ಜೀತ ತಪ್ಪದು ಎಂಬ ಭಯಕ್ಕೆ ಬಂದ ರೂಪ. ಮನುಷ್ಯರನ್ನು ತಿನ್ನುವ ಹಿಂಡು ಜನಪ್ರಿಯವಾದದ್ದು ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ಸಿನಿಮಾದಿಂದ. ಆ ಸಿನಿಮಾದಲ್ಲಿ ಜೋಂಬಿ ಎಂಬ ಪದವನ್ನು ಯಾರೂ ಆಡುವುದೇ ಇಲ್ಲ!

ಹೈಟಿಯ ಕಥೆಗಳಲ್ಲಿ ಇನ್ನೊಂದು ಮಾತಿದೆ: ಉಪ್ಪು ತಿಂದರೆ ಜೋಂಬಿಗೆ ಎಚ್ಚರವಾಗುತ್ತದೆ, ತಾನು ಯಾರೆಂದು ತಿಳಿಯುತ್ತದೆ, ತನ್ನ ಗೋರಿಯತ್ತ ನಡೆಯುತ್ತದೆ. ಓದಿ ಮೈ ಜುಮ್ಮೆಂದಿತು. ಉಪ್ಪಿನ ಋಣ ಅನ್ನುವ ನುಡಿಯಲ್ಲಿ ಉಪ್ಪು ಕಟ್ಟಿಹಾಕುತ್ತದೆ, ಅಲ್ಲಿ ಕಟ್ಟು ಬಿಚ್ಚುತ್ತದೆ. ನನ್ನ ಕಾದಂಬರಿಯ ನಡುಮನೆ ಸಿಕ್ಕಿದ್ದು ಆಗಲೇ.

ಆಮೇಲಿನ ದಾರಿ ತೋರಿಸಿದ್ದು ಕನ್ನಡವೇ. ಹೆಣವನ್ನು ನಾವು 'ಅದು' ಅನ್ನುತ್ತೇವೆ, ಮನುಷ್ಯನನ್ನು 'ಅವನು'. ಕಥೆ ಹೇಳುವವನು ಜೋಂಬಿಯೇ ಆದ್ದರಿಂದ ಮೊದಲ ಅಧ್ಯಾಯಗಳಲ್ಲಿ ಅವನು ತನ್ನ ಬಗ್ಗೆಯೂ 'ಇದು ಎದ್ದಿತು, ಇದು ಬಾಗಿಲಿಗೆ ಹಾಯಿತು' ಎಂದೇ ಹೇಳಿಕೊಳ್ಳುತ್ತಾನೆ. ಅವನು ಪ್ರೀತಿಸುವ ಹುಡುಗಿ ಸಿಕ್ಕ ಮೇಲೆ 'ನಿಂತೆ, ಕೇಳಿದೆ, ತಲೆಯಾಡಿಸಿದೆ' ಎಂದಾಗುತ್ತದೆ. ಕ್ರಿಯಾಪದದ ತುದಿಯಲ್ಲಿ ಅವನು ಇದ್ದಾನೆ, 'ನಾನು' ಮಾತ್ರ ಇನ್ನೂ ಇಲ್ಲ. ಕನ್ನಡದಲ್ಲಿ ಇದು ಸಲೀಸು, ಓದುವವರಿಗೆ ಎಡವಿದಂತೆ ಅನ್ನಿಸುವುದಿಲ್ಲ. ಉಪ್ಪು ನಾಲಿಗೆಗೆ ತಾಗಿದ ಪುಟದಲ್ಲಿ ಮೊದಲ ಬಾರಿ 'ನಾನು' ಬರುತ್ತದೆ. ಅಲ್ಲಿಯವರೆಗೆ ಅವನ ಬಾಯಲ್ಲಿ ಆ ಪದ ಒಂದು ಕಡೆಯೂ ಇಣುಕಬಾರದು. ಅದಕ್ಕಾಗಿ ಇಡೀ ಕರಡನ್ನು ನಾಲ್ಕು ಸಲ ಜಾಲಾಡಿದೆ. 'ನನ್ನ', 'ನನಗೆ' ಎಲ್ಲೆಲ್ಲೋ ಅವಿತು ಕೂತಿರುತ್ತಿದ್ದವು.

ಹಾಸ್ಯಕ್ಕೆ ದೇಹದ ನಿಯಮಗಳನ್ನೇ ನಂಬಿದೆ. ಸತ್ತ ಕೆಲವೇ ಗಂಟೆಗಳಲ್ಲಿ ರೆಪ್ಪೆ, ದವಡೆ, ಕತ್ತು ಸೆಟೆದುಕೊಳ್ಳತೊಡಗುತ್ತವೆ, ಸುಮಾರು 12 ಗಂಟೆಗೆ ಮೈಯೆಲ್ಲ ಮರಗಟ್ಟುತ್ತದೆ. ಒಂದೆರಡು ದಿನ ಕಳೆದರೆ ಮತ್ತೆ ಸಡಿಲ. ಹಾಗಾಗಿ ಅವರಿಬ್ಬರ ಮೊದಲ ಭೇಟಿಯನ್ನು ಅವನ ದವಡೆ ಕಚ್ಚಿಕೊಂಡ ಹೊತ್ತಿಗೇ ಇಟ್ಟೆ. ಅವನಿಗೆ ಬಾಯಿ ತೆರೆಯಲಾಗದು, ಅವಳು ಮಾತಾಡುತ್ತಲೇ ಹೋಗುತ್ತಾಳೆ. ನಡುವೆ ತಡೆಯದೆ, ಬುದ್ಧಿ ಹೇಳದೆ ಒಬ್ಬರು ತನ್ನ ಮಾತು ಪೂರ್ತಿ ಕೇಳಿದ್ದು ಅವಳಿಗೆ ಅದೇ ಮೊದಲು. ಅವನು ನಗಲು ಯತ್ನಿಸುವುದಕ್ಕೆ ಒಂದೂವರೆ ಪುಟ ಹಿಡಿಯುತ್ತದೆ. ಬೆನ್ನಟ್ಟುವ ಹಿಂಡು, ಒಡೆಯುವ ಬಾಗಿಲುಗಳಿಗೆ ಅಷ್ಟು ಜಾಗ ಕೊಡಲಿಲ್ಲ. ಅವು ಎಲ್ಲರಿಗೂ ಗೊತ್ತಿರುವ ಗದ್ದಲ.

ಬೆರಳಿನ ಪ್ರಸಂಗ ಮಾತ್ರ ಹಳೆಯ ಕರಡಿನಿಂದ ಉಳಿಯಿತು. ಅದರಲ್ಲಿ ಅವನ ಕಿರುಬೆರಳು ಅವಳ ಅಂಗೈಯಲ್ಲಿ ಉಳಿದುಬಿಟ್ಟಾಗ ಅವಳು ಕಿರುಚಿ ಎಸೆಯುತ್ತಿದ್ದಳು. ಈಗ ಒಂದು ಗಳಿಗೆ ಸುಮ್ಮನಿದ್ದು, ಕರವಸ್ತ್ರದಲ್ಲಿ ಸುತ್ತಿ, ಅವನ ಅಂಗಿಯ ಜೇಬಿಗಿಟ್ಟು, "ನಿಮ್ದೇ ಅಲ್ವಾ? ಬೀಳಿಸ್ಕೊಂಡ್ರಿ" ಅನ್ನುತ್ತಾಳೆ. ಅದುವರೆಗೆ 'ಅದು' ಎಂದವಳ ಬಾಯಲ್ಲಿ ಮೊದಲ ಸಲ ಬಹುವಚನ. ಗೆಳತಿ ಈ ಪುಟ ಓದಿ ನಕ್ಕಳು, ಮತ್ತೆ ಮೊದಲಿಂದ ಓದಿದಳು.

ಕೊನೆ ತುಂಬಾ ಕಾಡಿತು. ಪ್ರೀತಿಯ ಕಥೆ ಎಂದ ಮೇಲೆ ಇಬ್ಬರೂ ಜೊತೆಗಿರಬೇಕು, ಉಪ್ಪು ತಿಂದ ಮೇಲೆ ಅವನು ಗೋರಿಗೆ ಹೋಗಬೇಕು. ಅವನನ್ನು ಬದುಕಿಸಿ ಬರೆದೆ, ಸುಳ್ಳೆನಿಸಿತು, ಹರಿದೆ. ಹೋಗುವುದೇ ಅವನು ಸ್ವಂತ ಇಚ್ಛೆಯಿಂದ ಮಾಡುವ ಮೊದಲ ಕೆಲಸ ಎಂದು ಹೊಳೆದ ಮೇಲೆ ನಿಯಮ ಮುರಿಯುವ ಮನಸ್ಸಾಗಲಿಲ್ಲ. ಅಷ್ಟು ಹೊತ್ತಿಗೆ ಅವನ ಕಾಲು ಸಡಿಲವಾಗಿದೆ, ಸರಾಗವಾಗಿ ನಡೆಯಬಲ್ಲ. ಆದರೂ ದಾರಿಯುದ್ದಕ್ಕೂ ಎಡಗಾಲನ್ನು ಎಳೆಯುತ್ತ, ತೂರಾಡುತ್ತ, ಹಳೆಯ ಜೋಂಬಿಯ ಹಾಗೆ ನಿಧಾನವಾಗಿ ಹೆಜ್ಜೆ ಹಾಕುತ್ತಾನೆ. ಅವಳಿಗೆ ಅರ್ಥವಾಗುತ್ತದೆ. ಏನೂ ಹೇಳದೆ ಅವಳೂ ಕಾಲೆಳೆಯತೊಡಗುತ್ತಾಳೆ.