ಗಿಡ್ಡ ಕಾರ್ಡೆಲ್ಲ ಕತ್ತರಿಸಿದ್ದಲ್ಲ: ನನ್ನ ಅನುಭವ

1951ರಲ್ಲಿ ಬೌಮನ್ ಕಂಪನಿ ತಂದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು, ಹದಿನಾಲ್ಕು, ಎಲ್ಲವೂ ಅಳತೆಗೆ ಗಿಡ್ಡ. ನ್ಯೂ ಜೆರ್ಸಿಯ ಒಂದು ಕಾರ್ಡ್ ಷೋನಲ್ಲಿ ಬೆಳಗ್ಗೆಯಿಂದ ಬಿದ್ದಿದ್ದವು. ಹಳಬರು ಮೂವರು ನೋಡಿ, "ಟ್ರಿಮ್ ಮಾಡಿದ್ದು, ಮುಟ್ಟಬೇಡ" ಅಂದರು. ಸವೆದ ಅಂಚು, ಮೂಲೆ ಹೊಸದರ ಹಾಗೆ ಕಾಣಲೆಂದು ಯಾರೋ ಕತ್ತರಿಸಿದ್ದಾರೆ ಅಂತ ಅರ್ಥ. ನಾನು ಪೆಟ್ಟಿಗೆ ಸಮೇತ 700 ಡಾಲರಿಗೆ ಹೊತ್ತು ತಂದೆ. ಅದರಲ್ಲಿ ಒಂಬತ್ತನ್ನು ಆರಿಸಿ ಗ್ರೇಡಿಂಗಿಗೆ, ಅಂದರೆ ಕಾರ್ಡು ಪರೀಕ್ಷಿಸಿ ಅಂಕ ಕೊಡುವ ಕಂಪನಿಗೆ ಕಳಿಸಿದೆ. ಎಂಟಕ್ಕೆ ಅಂಕ ಬಂತು, ಅಂದರೆ ಕತ್ತರಿಸಿದ್ದಲ್ಲ ಎಂದು ಒಪ್ಪಿದರು. ಒಂದು ಮಾತ್ರ "ಕನಿಷ್ಠ ಅಳತೆಗಿಂತ ಕಡಿಮೆ" ಎಂಬ ಷರಾ ಹೊತ್ತು ವಾಪಸಾಯಿತು. ಅದು "ಕತ್ತರಿಸಿದ್ದು" ಎಂಬ ಷರಾ ಅಲ್ಲ, ಎರಡೂ ಬೇರೆ. ಎಂಟನ್ನು ಮಾರಿದ ಮೇಲೆ ಫೀಸು, ಅಂಚೆ ಖರ್ಚು ಎಲ್ಲ ಕಳೆದು ಕೈಗೆ ಸಾವಿರದ ಮುನ್ನೂರರ ಆಸುಪಾಸು ಉಳಿಯಿತು. ಆ ಮೂವರಲ್ಲಿ ಇಬ್ಬರು ಈಗ ನಮಸ್ಕಾರ ಹೇಳುತ್ತಾರೆ.

ಇಷ್ಟು ಕಲಿಯುವ ಮೊದಲು ಕಳೆದುಕೊಂಡಿದ್ದು ಕಡಿಮೆ ಏನಲ್ಲ. ಮೊದಲ ಪೆಟ್ಟು ಟಾಪ್ಸ್ ಕಂಪನಿಯ 1952ರ ಕಾರ್ಡೊಂದರಲ್ಲಿ. ನಾಲ್ಕೂ ಮೂಲೆ ಸೂಜಿಯ ಹಾಗೆ, ಸುಮಾರು 600 ಡಾಲರ್. ಅಳತೆಯ ಕ್ಯಾಲಿಪರ್ ಇಟ್ಟೆ, ಎತ್ತರ ಮೂರು ಮುಕ್ಕಾಲು ಇಂಚು ಸರಿಯಾಗಿತ್ತು. ಖುಷಿಯಲ್ಲಿ ಅಗಲ ನೋಡುವುದನ್ನೇ ಮರೆತೆ. ಗ್ರೇಡಿಂಗಿನಿಂದ ಕತ್ತರಿಸಿದ್ದು ಎಂದು ಬಂತು. ನನ್ನ ಹೆಂಡತಿ ಇವತ್ತಿಗೂ ಆ ಕಾರ್ಡನ್ನು "ಆರುನೂರರ ರಟ್ಟು" ಅಂತಲೇ ಕರೆಯುತ್ತಾಳೆ.

ಎರಡನೆಯದು ಇನ್ನೂ ಉರಿಯುತ್ತದೆ. ಅದು ಟಿ-206, ಅಂದರೆ ಸಿಗರೇಟಿನ ಪೊಟ್ಟಣದೊಳಗೆ ಬರುತ್ತಿದ್ದ ಹಳೆಯ ಕಾರ್ಡು, ಹಿಂಬದಿ ಅಮೆರಿಕನ್ ಬ್ಯೂಟಿ ಸಿಗರೇಟಿನ ಜಾಹೀರಾತು. ಅಗಲ ಹೆಚ್ಚುಕಡಿಮೆ 1/16 ಇಂಚು ಕಡಿಮೆ. ಹಿಂದಿನ ಪೆಟ್ಟಿನಿಂದ ಬುದ್ಧಿ ಬಂದಿದೆ ಎಂಬ ಜಂಬದಲ್ಲಿ "ಟ್ರಿಮ್ ಆಗಿದೆ" ಅಂತ ನಾನೇ ಹಣೆಪಟ್ಟಿ ಹಚ್ಚಿ 40 ಡಾಲರಿಗೆ ಕೊಟ್ಟುಬಿಟ್ಟೆ. ಅಮೆರಿಕನ್ ಬ್ಯೂಟಿ ಕಾರ್ಡುಗಳು ಹುಟ್ಟಾ ಸಪೂರ, ಆ ಸಿಗರೇಟಿನ ಪೊಟ್ಟಣವೇ ಕಿರಿದು ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಕೊಂಡವನು ಪುಣ್ಯಾತ್ಮ, ಅಂಕ ಬಂದ ಫೋಟೋ ಕಳಿಸಿದ. ಬೇಕಿರಲಿಲ್ಲ.

ಕಣ್ಣು ತೆರೆದದ್ದು ಗದಗಿನ ನೆನಪಿನಿಂದ. ನಮ್ಮಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಷಿನ್ ಮೇಲೆ ಇದ್ದವರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತಿರುತ್ತಿದ್ದೆ. "ಅಲಗು ಮೊಂಡಾತಂದ್ರ ಅಲಗು ನೋಡಬ್ಯಾಡಲೇ, ಕಾಗದದ ಅಂಚು ನೋಡು" ಅನ್ನುತ್ತಿದ್ದರು. ಅಲಗಿಗೆ ಎಲ್ಲಿಯಾದರೂ ಕಚ್ಚು ಬಿದ್ದಿದ್ದರೆ ಇಡೀ ರೀಮಿನ ಅಂಚಿನ ಮೇಲೆ ಮೇಲಿಂದ ಕೆಳಗೆ ಒಂದು ಗೆರೆ ಮೂಡುತ್ತಿತ್ತು. ಕಾರ್ಡಿನ ಹಾಳೆಗಳನ್ನೂ ಕಾರ್ಖಾನೆಯಲ್ಲಿ ಹೀಗೇ ಒಟ್ಟಿಟ್ಟು ಕತ್ತರಿಸಿದ್ದು. ಅಂದರೆ ಒಂದೊಂದು ಕಾರ್ಡಿನ ಅಂಚಿನಲ್ಲೂ ಆ ಗೆರೆಯ ಒಂದು ಚೂರು ಇರಲೇಬೇಕು, ರಟ್ಟಿನ ದಪ್ಪಕ್ಕೆ ಅಡ್ಡವಾಗಿ, ತುಸು ಓರೆಯಾಗಿ. ಬ್ಲೇಡು, ಸ್ಟೀಲ್ ಪಟ್ಟಿ ಹಿಡಿದು ಮನೆಯಲ್ಲಿ ಕತ್ತರಿಸಿದವನ ಗೆರೆ ಅಂಚಿನ ಉದ್ದಕ್ಕೆ ಓಡುತ್ತದೆ, ಯಾಕೆಂದರೆ ಅವನು ಎಳೆಯುತ್ತಾನೆ, ಯಂತ್ರ ಒತ್ತುತ್ತದೆ.

ಮುಖ್ಯ ಗುಟ್ಟು ಇದೇ. ಅಳತೆ ಕೊನೆಯ ಸಾಕ್ಷಿ, ಅಂಚು ಮೊದಲನೆಯದು. ಈಗ ನಾನು ಲೂಪ್ ಎಂಬ ಪುಟ್ಟ ಭೂತಗನ್ನಡಿ ಮೊದಲು ಹಿಡಿದು ಕ್ಯಾಲಿಪರ್ ಆಮೇಲೆ ತೆಗೆಯುತ್ತೇನೆ. ನಾಲ್ಕು ಅಂಚುಗಳನ್ನು ಪುಸ್ತಕದ ಅಳತೆಯ ಜೊತೆ ಅಲ್ಲ, ಒಂದಕ್ಕೊಂದು ಹೋಲಿಸುತ್ತೇನೆ. ಅಲಗು ಇಳಿದ ಕಡೆ ಅಂಚು ಒಂಚೂರು ಬಾಗಿರುತ್ತದೆ, ಆಚೆ ಮುಖದಲ್ಲಿ ಸಣ್ಣ ಸಿಬಿರು ಎದ್ದಿರುತ್ತದೆ. ಮೂರು ಅಂಚಿನ ಸಿಬಿರು ಹಿಂಬದಿಗೆ, ನಾಲ್ಕನೆಯದು ಮುಂಬದಿಗೆ ಅಂದರೆ ನಾನು ಕಾರ್ಡು ಕೆಳಗಿಡುತ್ತೇನೆ. ಮೂರು ಅಂಚು ಕಂದಿ, ಒಂದು ಬೆಳ್ಳಗಿದ್ದರೂ ಅಷ್ಟೇ. ನಾಲ್ಕೂ ಒಂದೇ ಥರ ಕಂದಿ, ಒಂದೇ ಥರ ಒರಟಾಗಿ ಇದ್ದರೆ ಗಿಡ್ಡವಾದರೂ ಕೊಳ್ಳುತ್ತೇನೆ. ಮೊಂಡ ಅಲಗಿನ ಒರಟು ಅಂಚು ಆ ಕಾಲದ ಕಾರ್ಡಿಗೆ ಕುಂದಲ್ಲ, ನನ್ನ ಲೆಕ್ಕದಲ್ಲಿ ಅದು ಜಾತಕ.

ಹೋಲಿಸಲು ಮಾದರಿ ಬೇಕು. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆ. ಎಲ್ಲರೂ ಒಳ್ಳೆಯ ಕಾರ್ಡು ಮಾದರಿಗಿಡುತ್ತಾರೆ. ಒಳ್ಳೆಯದೇ ತಾನೇ ಕತ್ತರಿ ಬೀಳುವ ಸರಕು? ನಾನು ಕೊಳ್ಳುವುದು ನಡುವೆ ಮಡಿಕೆ ಬಿದ್ದು ಅಂಚು ಮಾತ್ರ ಚೆನ್ನಾಗಿರುವುದು. ನಡು ಮುರಿದ ಕಾರ್ಡಿನ ಅಂಚು ತಿದ್ದುವ ಮೂರ್ಖ ಹುಟ್ಟಿಲ್ಲ. ಒಂದೊಂದಕ್ಕೆ ನಾಲ್ಕೈದು ಡಾಲರ್, ಕೆಲವು ಹತ್ತು. ಬೌಮನ್, ಟಾಪ್ಸ್ ಸೇರಿ ಈಗ ಇನ್ನೂರಕ್ಕೂ ಮೇಲೆ ಇರಬಹುದು. ಅನುಮಾನದ ಕಾರ್ಡನ್ನು ಇಂಥ ಹತ್ತರ ನಡುವೆ ಸೇರಿಸಿ, ಮೇಜಿಗೆ ತಟ್ಟಿ, ಉಗುರು ಎಳೆದರೆ ತಗ್ಗು ಎಲ್ಲಿದೆ ಅಂತ ಬೆರಳಿಗೇ ತಿಳಿಯುತ್ತದೆ.

ಪರೀಕ್ಷೆಗೆ ನಾನೇ ಕತ್ತರಿಸಿಯೂ ನೋಡಿದೆ. ಐದು ಕಾರ್ಡು ಬ್ಲೇಡಿನಿಂದ, ಐದು ಉರುಳು ಕಟ್ಟರಿನಿಂದ, ಐದು ಆಫೀಸಿನ ಹಿಡಿಕೆ ಕಟ್ಟರಿನಿಂದ, ಐದು ಪರಿಚಯದವರ ಪ್ರೆಸ್ಸಿನ ಯಂತ್ರದಲ್ಲಿ ರಟ್ಟುಗಳ ನಡುವೆ ಇಟ್ಟು. ಮೊದಲ ಹದಿನೈದು ಸುಲಭ. ಹಿಡಿಕೆ ಕಟ್ಟರಂತೂ ಅಂಚನ್ನು ಅಲೆಯ ಹಾಗೆ ಮಾಡಿತು. ಕೊನೆಯ ಐದರಲ್ಲಿ ಗೆರೆ ಅಡ್ಡಡ್ಡವೇ ಬಂತು, ಕಾರ್ಖಾನೆಯದರ ಹಾಗೇ! ಆವತ್ತು ನಿದ್ದೆ ಬರಲಿಲ್ಲ. ಬೆಳಕನ್ನು ಒಂದು ಕೋನದಲ್ಲಿ ಹಿಡಿದರೆ ಅವೂ ಸಿಕ್ಕಿಬೀಳುತ್ತವೆ ಎಂದು ತಿಂಗಳಾದ ಮೇಲೆ ಕಂಡುಕೊಂಡೆ. ಆ ಕೋನ ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಬ್ಲೇಡು ಹಿಡಿದವರೂ ಇರುತ್ತಾರೆ.

ಕತ್ತರಿಸಿದ ಅಂಚಿಗೆ ನಮ್ಮ ಫಿಲ್ಟರ್ ಕಾಫಿ ಡಿಕಾಕ್ಷನ್ ಸವರಿ ಹಳತು ಮಾಡಲೂ ನೋಡಿದೆ. ಬರಿಗಣ್ಣಿಗೆ ಭೇಷ್, ಲೂಪಿನಲ್ಲಿ ಕಲೆ ಮುಖದ ಮೇಲಕ್ಕೂ ಹತ್ತಿದ್ದು ಕಂಡಿತು. ಅಡುಗೆಮನೆಯ ಒರೆಸುವ ಬಟ್ಟೆ ಹಾಳಾದದ್ದಕ್ಕೆ ಬೇರೆ ಪಂಚಾಯಿತಿ.

ಇನ್ನೊಂದು ಅಡ್ಡದಾರಿ ಹವೆಯದು. ಜುಲೈನಲ್ಲಿ ಬೇಸ್‌ಮೆಂಟಿನಲ್ಲಿ ಅಳೆದ ಬೌಮನ್ನನ್ನೇ ಜನವರಿಯಲ್ಲಿ ಹೀಟರ್ ಉರಿಯುವ ಕೋಣೆಯಲ್ಲಿ ಅಳೆದರೆ ಅಗಲ ಕಾಲು ಮಿಲಿಮೀಟರಿನ ಹತ್ತಿರ ಕಡಿಮೆ. ರಟ್ಟು ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. 1/64 ಇಂಚಿಗೆ ಷೋಗಳಲ್ಲಿ ಜಗಳ ಆಡುವವರನ್ನು ಕಂಡರೆ ಈಗ ನಗು ಬರುತ್ತದೆ, ಅರ್ಧ ಜಗಳ ಹವೆಯದ್ದೇ.

ಅಂಕ ಬಂದ ಮಾತ್ರಕ್ಕೆ ಕಾರ್ಡು ಶುದ್ಧ ಅಂತಲೂ ಅಲ್ಲ. ಹಳೆಯ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಟಿ-206 ಕಾರ್ಡೊಂದರ ಕಥೆ ಕೇಳಿ: 10ಕ್ಕೆ 8 ಅಂಕ, 2007ರಲ್ಲಿ 28 ಲಕ್ಷ ಡಾಲರ್, ಕೊನೆಗೆ 2013ರಲ್ಲಿ, ಹಿಂದೆ ಅದರ ಒಡೆಯನಾಗಿದ್ದ ಹರಾಜುದಾರ ಬಿಲ್ ಮಾಸ್ಟ್ರೊ ಅದರ ಪಕ್ಕದ ಅಂಚುಗಳನ್ನು ತಾನೇ ಕತ್ತರಿಸಿದ್ದೆಂದು ಕೋರ್ಟಿನಲ್ಲಿ ಒಪ್ಪಿಕೊಂಡ.

ಮೂವರಲ್ಲಿ ನಮಸ್ಕಾರ ಹೇಳದ ಮೂರನೆಯವನು ಹೋದ ತಿಂಗಳು ಒಂದು 1953ರ ಟಾಪ್ಸ್ ತಂದು, ಮಾತಾಡದೆ ನನ್ನ ಮುಂದಿಟ್ಟ. ಎರಡು ನಿಮಿಷ ನೋಡಿದೆ. ಎಡ, ಮೇಲೆ, ಕೆಳಗೆ ಸರಿ. ಬಲಗಡೆ ಗೆರೆ ಉದ್ದಕ್ಕೆ ಓಡಿತ್ತು. "ಬಲಗಡೆ ಬ್ಲೇಡು ಆಡಿದೆ" ಅಂದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ. ಮಧ್ಯಾಹ್ನ ಅವನ ಟೇಬಲ್ ಹತ್ತಿರ ಹೋದರೆ ಅದೇ ಕಾರ್ಡು ಅಲ್ಲೇ ಇತ್ತು, ಬಲ ಅಂಚು ಕಾಣದ ಹಾಗೆ ದಪ್ಪ ಚೌಕಟ್ಟಿನ ಹೋಲ್ಡರಿನಲ್ಲಿ. ಬೆಲೆ 20 ಡಾಲರ್ ಏರಿಸಿದ್ದ.