ಒಂದೇ ವಿಷಯ, ಮೂರು ಸಾಲು

ನನ್ನ ಅಂಕಪಟ್ಟಿಯಲ್ಲಿ ‘ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ’ ಎಂಬ ವಿಷಯ ಮೂರು ಸಲ ಬರುತ್ತದೆ. ಮೊದಲ ಸಾಲಿನ ಎದುರು ‘ಅನುತ್ತೀರ್ಣ’, ಎರಡನೆಯದರ ಎದುರು ‘ಹಿಂದೆ ಸರಿದಿದ್ದಾರೆ’, ಮೂರನೆಯದರ ಎದುರು ಒಂದು ಸಾಧಾರಣ ಗ್ರೇಡು. ಫೇಲಾದದ್ದರಿಂದ ಆದ ನಷ್ಟ ಸ್ವಲ್ಪವೇ; ಫೇಲಾದ ಮೇಲಿನ ಎರಡು ವಾರಗಳಲ್ಲಿ ನಾನು ಅವಸರದಿಂದ ಮಾಡಿದ ಕೆಲಸ ಅದಕ್ಕಿಂತ ದುಬಾರಿಯಾಯಿತು.

ಫಲಿತಾಂಶ ಬಂದ ದಿನ ನನಗೆ ಆ ಕಲೆಯನ್ನು ಆದಷ್ಟು ಬೇಗ ತೊಳೆದುಕೊಳ್ಳಬೇಕಿತ್ತು. ಮುಂದಿನ ಸೆಮಿಸ್ಟರಿನ ನೋಂದಣಿ ತೆರೆದಿತ್ತು. ಆ ಅವಧಿಯ ಐದು ವಿಷಯಗಳ ಜೊತೆಗೆ ಇದನ್ನೂ ಆರನೆಯದಾಗಿ ಸೇರಿಸಿಕೊಂಡೆ. ನಿಯಮಾವಳಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು ‘ಎಷ್ಟು ಸಲ ಬೇಕಾದರೂ ಬರೆಯಬಹುದು’ ಎಂದಿದ್ದರು, ನಂಬಿದೆ. ಅವರು ಸುಳ್ಳು ಹೇಳಿರಲಿಲ್ಲ. ಅವರು ಸೇರಿದ ವರ್ಷದ ನಿಯಮ ಹಾಗೆಯೇ ಇತ್ತು. ನಾನು ಸೇರುವ ಹೊತ್ತಿಗೆ ಬದಲಾಗಿತ್ತು. ಸೆಮಿಸ್ಟರ್ ಅರ್ಧಕ್ಕೆ ಬರುವಷ್ಟರಲ್ಲಿ ಆರೂ ವಿಷಯಗಳು ಅಲುಗಾಡತೊಡಗಿದವು. ಇನ್ನೊಂದು ಫೇಲು ಬೇಡವೆಂದು ಇದರಿಂದ ಹಿಂದೆ ಸರಿದು, ಸದ್ಯ ಬಚಾವಾದೆ ಎಂದುಕೊಂಡೆ.

ಮುಂದಿನ ವಾರ ಕಚೇರಿಯಿಂದ ಪತ್ರ ಬಂತು: ‘ಈ ವಿಷಯದಲ್ಲಿ ತಮಗೆ ಉಳಿದಿರುವ ಅವಕಾಶ: 1.’

ಆ ರಾತ್ರಿ ಪೆನ್ಸಿಲ್ ಹಿಡಿದು ನಿಯಮಾವಳಿ ಓದಿದೆ. ‘ಪ್ರಯತ್ನ’ ಎಂದರೆ ಪರೀಕ್ಷೆ ಬರೆಯುವುದು ಎಂದು ತಿಳಿದುಕೊಂಡಿದ್ದೆ. ಅಲ್ಲಿದ್ದ ವ್ಯಾಖ್ಯೆಯ ಪ್ರಕಾರ, ನಿಗದಿತ ದಿನಾಂಕ ದಾಟಿದ ನಂತರವೂ ಹೆಸರು ನೋಂದಣಿಯಲ್ಲಿದ್ದರೆ ಅದು ಒಂದು ಪ್ರಯತ್ನ. ಪರೀಕ್ಷೆ ಬರೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾನು ಆ ದಿನಾಂಕ ಕಳೆದು ಒಂಬತ್ತು ದಿನಕ್ಕೆ ಹಿಂದೆ ಸರಿದಿದ್ದೆ. ಇಂಥ ಕಡೆ ಪ್ರತಿ ಕಾಲೇಜೂ ತನ್ನದೇ ದಾರಿ ಹಿಡಿಯುತ್ತದೆ: ಕೆಲವು ಹಿಂದೆ ಸರಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ಮರುಪ್ರಯತ್ನದ ಗ್ರೇಡಿಗೇ ಮಿತಿ ಹಾಕುತ್ತವೆ, ಕೆಲವು ಮೊದಲ ಸಲ ಓದುವವರಿಗೆ ಸೀಟು ಕೊಟ್ಟು ಉಳಿದರೆ ಮಾತ್ರ ನಮ್ಮಂಥವರನ್ನು ಒಳಗೆ ಬಿಡುತ್ತವೆ. ನಾವು ಸೇರಿದ ವರ್ಷದ ಪುಸ್ತಿಕೆಯನ್ನೇ ಹುಡುಕಿ ಓದಬೇಕು. ಕ್ಯಾಂಟೀನಿನಲ್ಲಿ ಸಿಗುವ ಮಾಹಿತಿ ಸಾಮಾನ್ಯವಾಗಿ ಎರಡು ವರ್ಷ ಹಳೆಯದಾಗಿರುತ್ತದೆ.

ಇನ್ನೂ ಎರಡು ಗಂಟುಗಳಿದ್ದವು. ಈ ವಿಷಯವನ್ನು ಇನ್ನು ಕಲಿಸುವುದು ಒಂದು ವರ್ಷದ ನಂತರವೇ ಎಂದಿದ್ದರು. ಮುಂದಿನ ಎರಡು ಕಡ್ಡಾಯ ವಿಷಯಗಳಿಗೆ ಸೇರಲು ಇದರಲ್ಲಿ ತೇರ್ಗಡೆಯಾಗಿರಲೇಬೇಕಿತ್ತು. ಹಾಗಾಗಿ ಒಂದು ವಿಷಯ ತಡವಾದರೆ ಪದವಿಯೇ ಒಂದು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಬಿಸಿತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೆ ಇದೇ ತಡದಿಂದ ಅನಿವಾರ್ಯವಾಗಿ ಒಂದು ವರ್ಷ ಕೈಗೆ ಸಿಕ್ಕಿತು. ಹಿಂದಿರುಗಿ ನೋಡಿದರೆ ನನ್ನನ್ನು ಉಳಿಸಿದ್ದು ಅದೇ.

ಸರಾಸರಿಯ ಲೆಕ್ಕವನ್ನೂ ಆಗ ಮೊದಲ ಬಾರಿಗೆ ಕಾಗದದ ಮೇಲೆ ಹಾಕಿದೆ. ಒಟ್ಟು 80 ಕ್ರೆಡಿಟ್ ಎಂದುಕೊಳ್ಳಿ. ಅದರಲ್ಲಿ ಫೇಲಾದ ವಿಷಯದ್ದು 4. ಉಳಿದ 76ರಲ್ಲಿ ಹತ್ತಕ್ಕೆ ಏಳರ ಸರಾಸರಿ ಇದ್ದರೆ ಫೇಲಿನ ಸೊನ್ನೆಯೂ ಸೇರಿ ಅದು 6.65ಕ್ಕೆ ಇಳಿಯುತ್ತದೆ. ಮತ್ತೆ ಬರೆದು ಏಳು ಪಡೆದಾಗ ಹಳೆಯ ಗ್ರೇಡಿನ ಜಾಗದಲ್ಲಿ ಹೊಸದನ್ನು ಕೂರಿಸುವ ನಿಯಮವಿದ್ದರೆ ಸರಾಸರಿ ನೇರ 7ಕ್ಕೆ ಬರುತ್ತದೆ. ಎರಡೂ ಲೆಕ್ಕಕ್ಕೆ ಬರುವ ನಿಯಮವಿದ್ದರೆ 84 ಕ್ರೆಡಿಟ್ಟಿನಿಂದ ಭಾಗಿಸಬೇಕು, ಆಗ 6.67. ಇಷ್ಟೆಲ್ಲ ಬೆವರು ಸುರಿಸಿ ಸಿಗುವುದು 0.02! ನಮ್ಮಲ್ಲಿ ಇದ್ದದ್ದು ಈ ಎರಡನೆಯ ನಿಯಮ. ನೋಡಿ ಬೇಸರವಾಯಿತು, ಆದರೆ ಒಂದು ಭ್ರಮೆ ಕಳಚಿತು. ‘ಒಳ್ಳೆಯ ಗ್ರೇಡು ತೆಗೆದು ಎಲ್ಲ ಸರಿಮಾಡುತ್ತೇನೆ’ ಎಂಬ ಹಟ ಬಿಟ್ಟು, ತೇರ್ಗಡೆಯಾದರೆ ಸಾಕು ಎಂಬಲ್ಲಿಗೆ ಇಳಿದೆ. ಇದೊಂದರಲ್ಲೇ ಅರ್ಧ ಹೆದರಿಕೆ ಹೋಯಿತು.

ಬೇರೆ ಕಾಲೇಜಿನಲ್ಲಿ ಇದೇ ವಿಷಯ ಓದಿ ಕ್ರೆಡಿಟ್ ವರ್ಗಾಯಿಸಿಕೊಳ್ಳಬಹುದೇ ಎಂದು ವಿಚಾರಿಸಿದೆ. ಇಲ್ಲಿ ಒಮ್ಮೆ ಫೇಲಾದ ವಿಷಯಕ್ಕೆ ಆ ದಾರಿ ಇಲ್ಲ ಎಂದರು. ಇರುವ ಕಡೆಯೂ ಪಠ್ಯಕ್ರಮ ತೋರಿಸಿ, ಮೊದಲೇ ಲಿಖಿತ ಒಪ್ಪಿಗೆ ಪಡೆದುಕೊಂಡೇ ಸೇರಬೇಕು. ಓದಿ ಮುಗಿಸಿ ಬಂದು ಕೇಳಿದರೆ ಒಪ್ಪುತ್ತಾರೆಂಬ ಭರವಸೆ ಇಲ್ಲ.

ಉಳಿದದ್ದು ವಿಶೇಷ ಅನುಮತಿಯ ಅರ್ಜಿ. ಇನ್ನೊಂದು ಅವಕಾಶ ಬೇಡಿ ಎರಡು ಪುಟ ಬರೆದುಕೊಂಡು ಮಾರ್ಗದರ್ಶಕ ಪ್ರಾಧ್ಯಾಪಕರ ಬಳಿ ಹೋದೆ. ಅವರು ಮೊದಲ ಪುಟ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಪ್ಪಾ, ಇದರಲ್ಲಿ ನಿನ್ನ ಸಂಕಟ ಇದೆ. ದಾಖಲೆ ಎಲ್ಲಿದೆ?”

“ದಾಖಲೆ ಅಂತ ಏನೂ ಇಲ್ಲ ಸರ್. ಆರು ವಿಷಯ ತೆಗೆದುಕೊಂಡಿದ್ದೆ.”

“ಹಾಗಾದರೆ ಅದನ್ನೇ ಬರೆ. ನಿನ್ನ ಉತ್ತರ ಪತ್ರಿಕೆ ನೋಡಿದ್ದೀಯಾ?”

ನೋಡಿರಲಿಲ್ಲ. ಫೇಲಾಗಿ ಏಳು ತಿಂಗಳಾಗಿತ್ತು, ಯಾಕೆ ಫೇಲಾದೆ ಎಂದು ನೋಡಿಯೇ ಇರಲಿಲ್ಲ.

ಶುಲ್ಕ ಕಟ್ಟಿ ಪತ್ರಿಕೆ ತರಿಸಿಕೊಂಡೆ. ಕೈ ಬೇಡ ಎನ್ನುತ್ತಿತ್ತು. ನಾಲ್ಕನೆಯ ಪ್ರಶ್ನೆ ಹೀಗಿತ್ತು: ಒಂದು ಕಾಯಿಲೆ ನೂರಕ್ಕೆ ಒಬ್ಬರಿಗೆ ಇದೆ, ಕಾಯಿಲೆ ಇದ್ದವರಲ್ಲಿ ಶೇ. 95 ಮಂದಿಯನ್ನು ತಪಾಸಣೆ ಸರಿಯಾಗಿ ಗುರುತಿಸುತ್ತದೆ, ಇಲ್ಲದವರಲ್ಲಿ ಶೇ. 5 ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ; ‘ಇದೆ’ ಎಂದು ಬಂದ ವ್ಯಕ್ತಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವನೀಯತೆ ಎಷ್ಟು? ನಾನು ಒಂದೇ ಸಾಲಿನಲ್ಲಿ ‘0.95’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಎರಡು ಗೆರೆ!

ಹತ್ತು ಸಾವಿರ ಜನರನ್ನು ಎದುರಿಗೆ ನಿಲ್ಲಿಸಿ ಎಣಿಸಿದರೆ ವಿಷಯ ತಿಳಿಯಾಗುತ್ತದೆ. ಕಾಯಿಲೆ ಇರುವವರು 100, ಅವರಲ್ಲಿ 95 ಮಂದಿಗೆ ‘ಇದೆ’. ಇಲ್ಲದವರು 9,900, ಅವರಲ್ಲೂ 495 ಮಂದಿಗೆ ‘ಇದೆ’. ಒಟ್ಟು 590ರಲ್ಲಿ ನಿಜವಾದ ರೋಗಿಗಳು 95, ಅಂದರೆ ಸುಮಾರು ಶೇ. 16. ‘ಕಾಯಿಲೆ ಇದ್ದರೆ ತಪಾಸಣೆ ಹಿಡಿಯುವುದು’ ಮತ್ತು ‘ತಪಾಸಣೆ ಹಿಡಿದರೆ ಕಾಯಿಲೆ ಇರುವುದು’ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ. ಪತ್ರಿಕೆಯುದ್ದಕ್ಕೂ ಇದೇ ರೋಗ. ಸೂತ್ರಗಳೆಲ್ಲ ಬಾಯಿಪಾಠವಾಗಿದ್ದವು, ಪ್ರಶ್ನೆ ಏನು ಕೇಳುತ್ತಿದೆ ಎಂಬುದು ಗೊತ್ತಿರಲಿಲ್ಲ. ಇದೇ ತಲೆಯನ್ನು ಹೊತ್ತುಕೊಂಡು ಎರಡನೆಯ ಸಲ ಪರೀಕ್ಷೆಗೆ ಕೂತಿದ್ದರೂ ಫೇಲೇ ಆಗುತ್ತಿದ್ದೆ.

ಅರ್ಜಿಯನ್ನು ಹರಿದು ಅರ್ಧ ಪುಟದ ಹೊಸದನ್ನು ಬರೆದೆ. ಹೆಚ್ಚುವರಿ ಅವಕಾಶ ಕೇಳಲಿಲ್ಲ. ಕೊನೆಯ ಪ್ರಯತ್ನದ ಸೆಮಿಸ್ಟರಿನಲ್ಲಿ ಮೂರೇ ವಿಷಯ ಓದಲು, ಮತ್ತು ಅದಕ್ಕೂ ಮುಂಚೆ ಈ ವಿಷಯದ ಬುನಾದಿ ಕಲಿಸುವ ಕೆಳಗಿನ ತರಗತಿಯಲ್ಲಿ ನೋಂದಣಿಯಿಲ್ಲದೆ ಕೂತು ಕೇಳಲು ಅನುಮತಿ ಕೇಳಿದೆ. ಎರಡೂ ಸಿಕ್ಕಿದವು. ಕಡಿಮೆ ವಿಷಯ ತೆಗೆದುಕೊಂಡರೆ ವಿದ್ಯಾರ್ಥಿವೇತನಕ್ಕೆ ಕುತ್ತು ಬರುವುದುಂಟು. ಅದನ್ನು ಮೊದಲೇ ಕೇಳಿ ಖಚಿತಪಡಿಸಿಕೊಂಡಿದ್ದೆ.

ಕೆಳಗಿನ ತರಗತಿಯ ಹಿಂದಿನ ಬೆಂಚಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರ ನಡುವೆ ಕೂರುವುದು ಮೊದಲ ವಾರ ಮುಜುಗರ, ಆಮೇಲೆ ಯಾರೂ ಗಮನಿಸುವುದಿಲ್ಲ. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದೆ. ಲೆಕ್ಕ ಶುರು ಮಾಡುವ ಮುನ್ನ ‘ಇಲ್ಲಿ ಗೊತ್ತಿರುವುದು ಏನು, ಕೇಳಿರುವುದು ಏನು’ ಎಂದು ಎರಡು ಸಾಲು ಬರೆಯುವ ಅಭ್ಯಾಸ ಹಚ್ಚಿಕೊಂಡೆ. ತಯಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದು ನನ್ನ ಬಳಿ ಇಲ್ಲ.

ಮೂರನೆಯ ಸಲ ತೇರ್ಗಡೆಯಾದೆ. ಆದರೂ ಮುಂದಿನ ವಿಷಯಗಳಿಗೆ ನೋಂದಾಯಿಸಲು ಹೋದರೆ ಕಂಪ್ಯೂಟರ್ ‘ಅರ್ಹತೆ ಇಲ್ಲ’ ಎಂದಿತು. ಹಳೆಯ ತಡೆ ಹಾಗೆಯೇ ಕೂತಿತ್ತು. ಸೀಟು ತುಂಬುವ ಭಯಕ್ಕೆ ಅಂಕಪಟ್ಟಿಯ ಪ್ರತಿ ಹಿಡಿದು ಕಚೇರಿಗೆ ಓಡಿದೆ. ಗುಮಾಸ್ತರು ಮೂರೂ ಸಾಲುಗಳ ಮೇಲೆ ಬೆರಳಾಡಿಸಿ, ಕೊನೆಯದರ ಮೇಲೆ ನಿಲ್ಲಿಸಿ, “ಇದೊಂದು ತಾನೇ?” ಎಂದು ಕೇಳಿ ತಡೆ ತೆಗೆದರು.